ಬಿಸ್ಮತ್ ಮತ್ತು ನನ್ನ ಕರಿನಾಲಿಗೆ

ನನ್ನನ್ನು ಮೊದಲು ಕರಿನಾಲಿಗೆಯವಳು ಎಂದವರು ನನ್ನ ತಂಗಿಯ ಅತ್ತೆ. ಬಬಲೇಶ್ವರದ ಅವರ ಮನೆಯ ಪಡಸಾಲೆಯಲ್ಲಿ, ತಂಗಿಯ ಕುಬಸ, ಅಂದರೆ ಸೀಮಂತದ ದಿನ, ಉಡಿ ತುಂಬಲು ಬಂದಿದ್ದ ಇಪ್ಪತ್ತು ಹೆಂಗಸರ ಎದುರಿಗೆ ಅಂದರು. ನಮ್ಮ ಕಡೆ ಅದು ಸಣ್ಣ ಮಾತಲ್ಲ. ನಾಲಿಗೆ ಕಪ್ಪಗಿದ್ದವರು ಕೆಟ್ಟದ್ದು ಆಡಿದರೆ ಅದು ಆಗಿಯೇ ತೀರುತ್ತದೆ ಎಂದು ಜನ ನಂಬುತ್ತಾರೆ. ಅಂಥವರನ್ನು ಶುಭಕಾರ್ಯಕ್ಕೆ ಕರೆಯುವುದಿಲ್ಲ. ಕರೆದರೂ ಬಾಯಿ ಬಿಡಗೊಡುವುದಿಲ್ಲ.

ಆ ದಿನ ನನ್ನ ನಾಲಿಗೆ ನಿಜಕ್ಕೂ ಕಪ್ಪಗಿತ್ತು. ಇದ್ದಿಲು ನೆಕ್ಕಿದ ಹಾಗೆ ಕಪ್ಪಗಿತ್ತು. ಅದಕ್ಕೆ ಕಾರಣ ಒಂದು ಲೋಹ. ಆ ಲೋಹದ ಜೊತೆ ನನಗೆ ಆಗಲೇ ಆರು ವರ್ಷದ ಒಡನಾಟವಿತ್ತು, ಆದರೆ ಬೇರೆ ಕೆಲಸದಲ್ಲಿ.

ನಾನು ವಿಜಯಪುರದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಓಣಿಯಲ್ಲಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕು, ಅಷ್ಟು ಜಾಗ. ದಿನಾ ಹೊನವಾಡದಿಂದ ಬಸ್ಸಿಗೆ ಬರುತ್ತೇನೆ, ಬಸ್ಸಿಗೆ ಹೋಗುತ್ತೇನೆ. ಕೆಲಸ ಕಲಿಸಿದವರು ನನ್ನ ಉಸ್ತಾದ್, ನಲವತ್ತು ವರ್ಷ ರೇಡಿಯೊ, ಟಿ.ವಿ. ಬಿಚ್ಚಿ ಕೂಡಿಸಿದ ಮುದುಕ. ನಾನು ಕಲಿಯಲು ಹೋದಾಗ ಅಕ್ಕಪಕ್ಕದ ಅಂಗಡಿಯವರು ನಕ್ಕಿದ್ದರು. ರೊಟ್ಟಿ ಬಡಿಯುವ ಕೈ ಬೆಸುಗೆ ಏನು ಹಾಕೀತು ಎಂದು ಒಬ್ಬ ಎದುರಿಗೇ ಕೇಳಿದ. ನನಗೆ ರೊಟ್ಟಿ ಬಡಿಯಲೂ ಬರುತ್ತದೆ, ಬೆಸುಗೆ ಹಾಕಲೂ ಬರುತ್ತದೆ. ಅವನಿಗೆ ಒಂದೇ ಬರುತ್ತದೆ. ಈಗ ತನ್ನಿಂದ ಆಗದ ಬೋರ್ಡುಗಳನ್ನು ನನ್ನ ಹತ್ತಿರವೇ ಕಳಿಸುತ್ತಾನೆ.

ಉಸ್ತಾದರು ಜೀವನವಿಡೀ ಸೀಸ ಬೆರೆಸಿದ ಬೆಸುಗೆ ತಂತಿಯಲ್ಲೇ ಕೆಲಸ ಮಾಡಿದವರು. ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಅವರಿಗಿತ್ತು. ಕೊನೆಕೊನೆಗೆ ಕೈ ನಡುಗುತ್ತಿತ್ತು, ಹೊಟ್ಟೆ ಹಿಂಡುತ್ತದೆ ಎನ್ನುತ್ತಿದ್ದರು. ಅದು ಸೀಸದಿಂದಲೋ, ವಯಸ್ಸಿನಿಂದಲೋ, ಯಾರೂ ಪರೀಕ್ಷೆ ಮಾಡಿಸಲಿಲ್ಲ. ಆದರೆ ಅಂಗಡಿ ನನಗೆ ಬಿಟ್ಟುಕೊಡುವಾಗ ಒಂದು ಮಾತು ಹೇಳಿದರು.

"ಬೇಟಾ, ಶೀಸಾ ಬಾಯಾಗ ಹಿಡೀಬ್ಯಾಡ. ಈಗ ಹೊಸಾ ಪೇಸ್ಟ್ ಬಂದಾವು. ನಾ ಕಲೀಲಿಲ್ಲ, ನೀ ಕಲಿ."

ನಾನು ಕಲಿತೆ. ಹೊಸ ಫೋನುಗಳ ಬೋರ್ಡಿನಲ್ಲಿ ಕೆಲವು ಭಾಗಗಳು ಬಹಳ ನಾಜೂಕು, ಹೆಚ್ಚು ಬಿಸಿ ತಾಗಿದರೆ ಸತ್ತೇ ಹೋಗುತ್ತವೆ. ಅಂಥ ಕಡೆ ನೂರ ಮೂವತ್ತೆಂಟು ಡಿಗ್ರಿಗೆ ಕರಗುವ ಪೇಸ್ಟ್ ಬಳಸುತ್ತೇವೆ. ಸೀಸದ ಬೆಸುಗೆಗೆ ಅದಕ್ಕಿಂತ ಬಹಳ ಹೆಚ್ಚು ಕಾವು ಬೇಕು. ಸಣ್ಣ ಡಬ್ಬಿಯಲ್ಲಿ ಬರುವ ಬೂದು ಬಣ್ಣದ ಈ ಪೇಸ್ಟನ್ನು ಅಂಗಡಿಯವರೆಲ್ಲ 'ಒನ್ ಥರ್ಟಿಯೇಟ್' ಎಂದೇ ಕರೆಯುತ್ತೇವೆ. ಅದರೊಳಗೆ ತವರ ನಲವತ್ತೆರಡು ಪಾಲು, ಬಿಸ್ಮತ್ ಐವತ್ತೆಂಟು ಪಾಲು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಆರು ವರ್ಷ ಆ ಹೆಸರು ಓದಿದ್ದೆ, ಅದೇನೆಂದು ಕೇಳಿರಲಿಲ್ಲ. ಕೆಲಸವಾದರೆ ಸಾಕು ಅಂದುಕೊಂಡಿದ್ದೆ.

ಹೊಟ್ಟೆನೋವನ್ನೂ ಹಾಗೇ ಎರಡು ವರ್ಷ ತಳ್ಳಿಕೊಂಡು ಬಂದಿದ್ದೆ. ದಿನವಿಡೀ ಬಗ್ಗಿ ಕೂತು ಬೆನ್ನು ನೋಯುತ್ತಿತ್ತು, ಅದಕ್ಕೆ ನೋವಿನ ಗುಳಿಗೆ. ಊಟದ ಹೊತ್ತಿಗೆ ಗಿರಾಕಿ ಬಂದರೆ ಊಟದ ಬದಲು ಚಹಾ. ಒಂದು ದಿನ ಭೂತಗನ್ನಡಿಯ ಕೆಳಗೆ ಬೋರ್ಡು ಇಟ್ಟುಕೊಂಡು ಕೂತಿದ್ದಾಗಲೇ ಹೊಟ್ಟೆ ಬೆಂಕಿಯಾಗಿ ಎದ್ದು ಓಣಿಯ ಗಟಾರದ ಹತ್ತಿರ ವಾಂತಿ ಮಾಡಿದೆ. ಅಂಗಡಿ ಮುಚ್ಚಿ ಸೀದಾ ದವಾಖಾನೆಗೆ ಹೋದೆ.

ಅಲ್ಲಿ ಎರಡು ತಾಸು ಕಾಯಿಸಿದರು. ನನ್ನ ಎದುರಿನ ಗೋಡೆಯ ಮೇಲೆ ಬಸುರಿಯರಿಗಾಗಿ ಹಾಕಿದ ಒಂದು ದೊಡ್ಡ ಫಲಕವಿತ್ತು. ಮುಖ, ಕೈ ಬಾತರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ ತಡಮಾಡದೆ ರಕ್ತದೊತ್ತಡ ತೋರಿಸಿ ಎಂದು ಚಿತ್ರಸಮೇತ ಬರೆದಿದ್ದರು. ಬೇರೆ ಓದಲು ಏನೂ ಇರಲಿಲ್ಲ. ಅದನ್ನೇ ಹತ್ತಾರು ಸಲ ಓದಿದೆ.

ಡಾಕ್ಟರು ಒಬ್ಬ ಹೆಣ್ಣುಮಗಳು. ಗಂಟಲಲ್ಲಿ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡಿ, ಮರುದಿನ ಕರೆದು ಕೂರಿಸಿ ಹೇಳಿದರು.

"ಹೊಟ್ಟ್ಯಾಗ ಹುಣ್ಣ ಐತ್ರಿ. ಅದರ ಜೋಡಿ ಒಂದ ಬ್ಯಾಕ್ಟೀರಿಯಾನೂ ಐತಿ. ನಾಕ ನಮೂನಿ ಗುಳಿಗಿ ಬರದೇನಿ, ಹದಿನಾಕ ದಿನ ತಗೋರಿ. ನೋವಿನ ಗುಳಿಗಿ ಇವತ್ತಿಂದ ಬಂದ್. ಅರ್ಧಕ್ಕ ಬಿಟ್ರ ಆ ಬ್ಯಾಕ್ಟೀರಿಯಾ ಮುಂದ ಯಾವ ಔಷಧಕ್ಕೂ ಜಗ್ಗೂದಿಲ್ಲ."

ನಂತರ ಪೆನ್ನಿನಿಂದ ಚೀಟಿಯ ಮೇಲಿನ ಒಂದು ಹೆಸರಿಗೆ ಗೆರೆ ಎಳೆದರು. "ಈ ಗುಳಿಗಿಯಿಂದ ನಾಲಿಗಿ ಕರಿ ಆಗತೈತಿ. ಸಂಡಾಸೂ ಕರಿ ಆಗತೈತಿ. ಅದಕ್ಕ ಅಂಜಬ್ಯಾಡ್ರಿ. ತಲಿ ತಿರುಗಿದ್ರ, ರಕ್ತ ಕಾರಿದ್ರ ಮಾತ್ರ ಓಡಿ ಬರ್ರಿ."

ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗುಳಿಗೆಯ ಹಾಳೆ ತಿರುವಿ ಓದಿದೆ. ಸಣ್ಣ ಅಕ್ಷರ ಓದುವುದು ನನ್ನ ಕಸುಬು. ಬಿಸ್ಮತ್ ಎಂದಿತ್ತು. ನನಗೆ ಮೊದಲು ಅನಿಸಿದ್ದು, ಮುದ್ರಣದಲ್ಲಿ ತಪ್ಪಾಗಿರಬೇಕು ಎಂದು. ಅಂಗಡಿಗೆ ಹೋಗಿ ಪೇಸ್ಟಿನ ಡಬ್ಬಿ ಪಕ್ಕಕ್ಕಿಟ್ಟು ನೋಡಿದೆ. ಅದೇ ಹೆಸರು. ಬೋರ್ಡಿಗೆ ಹಚ್ಚುವುದನ್ನೇ ಹೊಟ್ಟೆಗೂ ಕೊಟ್ಟಿದ್ದಾರಲ್ಲ ಎಂದು ತಲೆ ಕೆಟ್ಟು ಡಾಕ್ಟರಿಗೆ ಫೋನು ಮಾಡಿದೆ. ಅವರು ನಕ್ಕರು.

"ಲೋಹ ಒಂದ ಆದ್ರೂ ರೂಪ ಬ್ಯಾರೆ ಐತ್ರಿ. ಉಪ್ಪಿನ್ಯಾಗಿನ ಸೋಡಿಯಂ ಬರೇ ಲೋಹದ ರೂಪದಾಗ ತಿಂದ್ರ ಬಾಯಿ ಸುಡತೈತಿ. ಉಪ್ಪಾಗಿ ನಾವು ದಿನಾ ತಿನ್ನೂದಿಲ್ಲೇನು? ನಿಮ್ಮ ಪೇಸ್ಟ್ ಮಾತ್ರ ನೆಕ್ಕಬ್ಯಾಡ್ರಿ ಮತ್ತ."

ಮೂರನೆಯ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಂಡಿತು. ನಾಲಿಗೆಯ ನಡುವೆ ಬೂದು ಬಣ್ಣ. ಐದನೆಯ ದಿನಕ್ಕೆ ಪೂರ್ತಿ ಕಪ್ಪು. ಬಾಯಲ್ಲಿ ಸದಾ ಕಬ್ಬಿಣ ಕಚ್ಚಿದ ರುಚಿ. ಅವ್ವ ನನ್ನ ಬಾಯಿ ನೋಡಿ ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಎದ್ದಳು.

"ಯವ್ವಾ, ನಾಡದು ತಂಗಿ ಕುಬಸ ಐತಿ. ಈ ಬಾಯಿ ತಗೊಂಡು ಹ್ಯಾಂಗ ಬರತೀ?"

"ಬ್ಯಾರೆ ಬಾಯಿ ಎಲ್ಲಿಂದ ತರ್ಲಿ ಅವ್ವ? ಇದ ಬಾಯಿ ಬರತೈತಿ."

"ಮಾತಾಡಬ್ಯಾಡ ಹಂಗಾರ. ಸುಮ್ಮ ಕೂತು ಉಂಡು ಎದ್ದು ಬಾ."

ಅವ್ವನ ಸಂಕಟ ನನಗೆ ಗೊತ್ತಿತ್ತು. ಮೂವತ್ತನಾಲ್ಕಾದರೂ ಮದುವೆ ಬೇಡವೆಂದು ಅಂಗಡಿ ಹಾಕಿಕೊಂಡು ಕೂತ ಹಿರಿಮಗಳಿಂದಾಗಿ ಅವಳು ಆಗಲೇ ಸಾಕಷ್ಟು ಕೇಳಿಸಿಕೊಂಡಿದ್ದಳು. ಸುಮ್ಮನಿರುತ್ತೇನೆ ಎಂದೆ. ಮನಸ್ಸಿನಿಂದಲೇ ಹೇಳಿದ ಮಾತದು.

ತಿಕೋಟಾದಲ್ಲಿ ಬಸ್ಸು ಬದಲಿಸಿ ಬಬಲೇಶ್ವರ ಮುಟ್ಟಿದೆವು. ಹಸಿರು ಸೀರೆ, ಹಸಿರು ಬಳೆ, ಕರ್ಚಿಕಾಯಿ, ಶೇಂಗಾ ಹೋಳಿಗೆ ಎಲ್ಲ ಗಂಟು ಕಟ್ಟಿಕೊಂಡು ಹೋಗಿದ್ದೆವು. ತಂಗಿಯನ್ನು ನೋಡಿ ಎರಡು ತಿಂಗಳಾಗಿತ್ತು. ಕುಬಸದ ಕುರ್ಚಿಯಲ್ಲಿ ಕೂತವಳನ್ನು ನೋಡಿ ನನಗೆ ತಟ್ಟನೆ ಗುರುತೇ ಹತ್ತಲಿಲ್ಲ. ಮುಖ ತುಂಬಿಕೊಂಡಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ಅದು ತುಂಬಿದ ಮುಖ ಅನಿಸಲಿಲ್ಲ. ಕಣ್ಣಿನ ಕೆಳಗೆ ನೀರು ತುಂಬಿದ ಚೀಲದ ಹಾಗಿತ್ತು. ಬಳೆಗಾರ ಬಳೆ ಇಡಿಸಲು ಹೋದರೆ ಅಂಗೈ ದಾಟುತ್ತಿಲ್ಲ. ಉಂಗುರದ ಬೆರಳು ಕೆಂಪಾಗಿ ಉಬ್ಬಿತ್ತು.

ನಾನು ಪಕ್ಕಕ್ಕೆ ಹೋಗಿ ಬಾಯಿಗೆ ಸೆರಗು ಅಡ್ಡ ಹಿಡಿದು ಮೆಲ್ಲಗೆ ಕೇಳಿದೆ. "ತಲಿ ನೋಯತೈತೇನ?"

"ಎರಡ ದಿನ ಆತಕ್ಕಾ, ಬಿಡವಲ್ತು."

"ಕಣ್ಣು?"

"ಮಂಜ ಮಂಜ ಕಾಣಾಕತ್ತೈತಿ. ಅತ್ತಿ ಅಂದ್ರು, ಬಸರಾಗ ಹಿಂಗ ಇರತೈತಂತ."

ದವಾಖಾನೆಯ ಗೋಡೆಯ ಫಲಕದಲ್ಲಿ ಓದಿದ್ದೆಲ್ಲ ನನ್ನ ತಂಗಿಯ ಮೈಮೇಲೆ ಕಾಣುತ್ತಿತ್ತು. ನಾನು ಸೆರಗು ಬಿಟ್ಟು ಎದ್ದು ನಿಂತೆ.

"ಅತ್ತೀ, ಇಕೀನ್ನ ಈಗ ದವಾಖಾನಿಗೆ ಕರಕೊಂಡ ಹೋಗಬೇಕ್ರಿ. ಬಿ.ಪಿ. ಏರಿದಂಗ ಕಾಣತೈತಿ. ತಡಾ ಮಾಡಿದ್ರ ತಾಯಿಗೂ ಕೂಸಿಗೂ ಧೋಕಾ ಐತಿ."

ಧೋಕಾ ಎಂದರೆ ನಮ್ಮ ಕಡೆ ಅಪಾಯ. ಆ ಮಾತು ಮುಗಿಯುವಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಅವರೆಲ್ಲ ನೋಡುತ್ತಿದ್ದುದು ನನ್ನ ಬಾಯಿಯನ್ನು. ಒಬ್ಬಳು ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ತಂಗಿಯ ಅತ್ತೆ ಆರತಿ ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ನಾಲಿಗಿ ತಗಿ ನೋಡೂಣು."

ನಾನು ತೆಗೆದೆ. ಪೂರ್ತಿ ತೆಗೆದು ತೋರಿಸಿದೆ.

"ಕರಿನಾಲಿಗಿ! ಕರಿನಾಲಿಗಿ ಇಟಗೊಂಡು ನನ್ನ ಮನ್ಯಾಗ ನಿಂತು ಕೂಸಿಗೆ ಧೋಕಾ ಅಂತೀಯೇನ? ಆರತಿ ಮುಗಿಯೂತನಕ ಹೊರಗ ಹೋಗಿ ಕೂಡು."

"ಇದು ಗುಳಿಗೀ ಬಣ್ಣ ಐತ್ರಿ. ಹುಟ್ಟಿದ್ದಲ್ಲ. ನೋಡ್ರಿ ಇಲ್ಲೆ." ಚೀಲದಿಂದ ಗುಳಿಗೆಯ ಹಾಳೆ ತೆಗೆದೆ. ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ, ಮುಟ್ಟಿದರೆ ತಮಗೂ ಅಂಟುತ್ತದೆ ಎನ್ನುವ ಹಾಗೆ ಹಿಂದೆ ಸರಿದರು.

ತಂಗಿಯ ಸಿಂಗಾರಕ್ಕೆಂದು ಪಕ್ಕದ ಸ್ಟೂಲಿನ ಮೇಲೆ ಪೌಡರು, ಲಿಪ್‌ಸ್ಟಿಕ್, ಮುತ್ತಿನಂತೆ ಹೊಳೆಯುವ ಉಗುರುಬಣ್ಣದ ಶೀಶೆ ಇಟ್ಟಿದ್ದರು. ಅದೇ ಬಣ್ಣ ಅತ್ತೆಯ ಉಗುರಿನಲ್ಲೂ ಮಿನುಗುತ್ತಿತ್ತು. ಶೀಶೆ ಎತ್ತಿ ಹಿಂದಿನ ಚೀಟಿ ಓದಿದೆ. ಕಣ್ಣು ತಾನಾಗಿ ಸಣ್ಣ ಅಕ್ಷರದ ಕಡೆ ಹೋಗುವುದು ನನ್ನ ಚಟ. ಸಾಲಿನ ಕೊನೆಗೆ ಬಿಸ್ಮತ್ ಆಕ್ಸಿಕ್ಲೋರೈಡ್ ಎಂದಿತ್ತು.

"ನನ್ನ ನಾಲಿಗಿ ಕರಿ ಮಾಡಿದ ಲೋಹಾನ ನಿಮ್ಮ ಉಗುರಿನ್ಯಾಗ ಹೊಳ್ಯಾಕತ್ತೈತ್ರಿ ಅತ್ತೀ. ಬಿಸ್ಮತ್ ಅಂತಾರ. ನನ್ನ ಬಾಯಾಗ ಇದ್ರ ಅಪಶಕುನ, ನಿಮ್ಮ ಕೈಯಾಗ ಇದ್ರ ಸಿಂಗಾರ, ಹೌದಲ್ರಿ?"

ಯಾರೋ ಒಬ್ಬ ಹುಡುಗಿ ಹಿಂದಿನಿಂದ ಕಿಸಕ್ಕೆಂದು ನಕ್ಕಳು. ಅತ್ತೆಯ ಮುಖ ಕೆಂಪಾಯಿತು. ಅವ್ವ ನನ್ನ ರಟ್ಟೆ ಹಿಡಿದು "ಸಾಕ ಮಾಡ ಬೇ" ಎಂದು ಅಳುವ ದನಿಯಲ್ಲಿ ಹೇಳಿದಳು. ಸಾಕು ಮಾಡುವ ಹೊತ್ತು ಅದಾಗಿರಲಿಲ್ಲ. ಅಂಗಳದಲ್ಲಿ ಗಂಡಸರ ಜೊತೆ ಕೂತಿದ್ದ ತಂಗಿಯ ಗಂಡನನ್ನು ಕೂಗಿದೆ. ಅವನು ಮಿತಭಾಷಿ, ತಾಯಿಗೆ ಎದುರಾಡಿದವನಲ್ಲ. ಒಳಗೆ ಬಂದು ಯಾರ ಮುಖವನ್ನೂ ನೋಡದೆ ನಿಂತ.

"ಗಾಡಿ ತಗಿ. ಹತ್ತ ಮಿನಿಟಿನ ದಾರಿ ಐತಿ ದವಾಖಾನಿಗೆ. ಬಿ.ಪಿ. ಸರಿ ಇತ್ತಂದ್ರ ಹೊಳ್ಳಿ ಬಂದು ಇಲ್ಲೇ ಎಲ್ಲಾರ ಮುಂದ ನಿಮ್ಮವ್ವನ ಕಾಲ ಹಿಡೀತೇನಿ. ನೀ ತಗೀಲಿಲ್ಲಂದ್ರ ನಾ ಇಕೀನ್ನ ನಡಸ್ಕೊಂಡ ಹೋಗತೇನಿ."

ಅವನು ತಾಯಿಯನ್ನು ನೋಡಿದ. ತಾಯಿ ತಲೆ ಅಡ್ಡ ಆಡಿಸಿದರು. ಆಗ ಎದ್ದವಳು ತಂಗಿ. ಮೊದಲು ಕುರ್ಚಿಯ ಕೈ ಹಿಡಿದಳು, ನಂತರ ನನ್ನ ಹೆಗಲು ಹಿಡಿದಳು. ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ನೆಲಕ್ಕೆ ಚೆಲ್ಲಿದವು.

"ನಾ ಹೋಗತೇನಿ. ನನಗ ತಡ್ಯಾಕ ಆಗವಲ್ತು" ಎಂದಳು.

ಅಷ್ಟು ಸಾಕಾಯಿತು. ಅವನು ಗಾಡಿ ತೆಗೆದ.

ಊರಿನ ಸರಕಾರಿ ದವಾಖಾನೆಯಲ್ಲಿ ನರ್ಸಮ್ಮ ತಂಗಿಯ ರಟ್ಟೆಗೆ ಪಟ್ಟಿ ಸುತ್ತಿ ಒತ್ತಿದಳು. ಒಂದು ಸಲ ನೋಡಿದಳು, ಮತ್ತೆ ಒತ್ತಿದಳು, ಮೂರನೆಯ ಸಲ ಒತ್ತುವಾಗ ನಮ್ಮ ಕಡೆ ನೋಡಲಿಲ್ಲ. ಡಾಕ್ಟರನ್ನು ಕರೆಯಲು ಓಡಿದಳು. ಒಂದು ಇಂಜೆಕ್ಷನ್ ಕೊಟ್ಟು, ಅಂಬುಲೆನ್ಸಿನಲ್ಲಿ ಮಲಗಿಸಿ ವಿಜಯಪುರಕ್ಕೆ ಕಳಿಸಿದರು. ತಂಗಿ ಇನ್ನೂ ಕುಬಸದ ಹಸಿರು ಸೀರೆಯಲ್ಲೇ ಇದ್ದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಒಂದು ಸಲ ಕಣ್ಣು ತೆರೆದು, "ಅಕ್ಕಾ, ನಿನ್ನ ನಾಲಿಗಿ ಖರೇನ ಭಾಳ ಕರಿ ಆಗೇತಿ" ಎಂದಳು. ಅಂಥ ಹೊತ್ತಿನಲ್ಲೂ ಇಬ್ಬರೂ ನಕ್ಕೆವು.

ಜಿಲ್ಲಾಕೇಂದ್ರದ ದೊಡ್ಡ ದವಾಖಾನೆಯಲ್ಲಿ ಅವಳನ್ನು ಮಲಗಿಸಿಕೊಂಡರು. ಇನ್ನು ಒಂದು ದಿನ ತಡವಾಗಿದ್ದರೆ ಫಿಟ್ಸ್ ಬರುವ ಸಂಭವವಿತ್ತು ಎಂದರು. ಹೆರಿಗೆಯವರೆಗೂ ಇಲ್ಲೇ ಇರಬೇಕು, ಕೂಸನ್ನು ಎಷ್ಟು ದಿನ ಒಳಗೆ ಉಳಿಸಲು ಸಾಧ್ಯವೋ ನೋಡೋಣ ಎಂದರು. ಮರುದಿನ ಅತ್ತೆ ಬಂದರು. ವಾರ್ಡಿನ ಹೊರಗೆ ನಾನು ಬೆಂಚಿನ ಮೇಲೆ ಕೂತಿದ್ದೆ. ನನ್ನಿಂದ ನಾಲ್ಕು ಮಾರು ದೂರ ನಿಂತು, ನನಗೆ ಕೇಳುವ ಹಾಗೆ ಅವ್ವನಿಗೆ ಹೇಳಿದರು.

"ನಿನ್ನೆ ಮುಂಜಾನಿತನಕ ಚಲೋ ಇದ್ಲು. ಅಕಿ ಅಂದ್ಲು, ಆತು. ನಾ ಏನ ಸುಳ್ಳ ಹೇಳಿದ್ನಿ?"

ಆ ಮಾತು ನನ್ನನ್ನು ನೋಯಿಸಿದ್ದು ನಿಜ. ಪಡಸಾಲೆಯಲ್ಲಿ ಬಂದದ್ದು ಸಿಟ್ಟು. ಇಲ್ಲಿ ಬಂದದ್ದು ಬೇರೆ. ತಂಗಿ ಒಳಗೆ ಮಲಗಿದ್ದಳು, ಕೂಸಿನ ಎದೆಬಡಿತ ತಾಸಿಗೊಮ್ಮೆ ನೋಡುತ್ತಿದ್ದರು, ಇವರು ಅದನ್ನು ನನ್ನ ಬಾಯಿಗೆ ಕಟ್ಟುತ್ತಿದ್ದರು. ಅವರು ಹೋದ ಮೇಲೆ ಅವ್ವ ನನ್ನ ಪಕ್ಕ ಕೂತು ಕೈ ಹಿಡಿದಳು.

"ಯವ್ವಾ, ನನಗೇನೂ ಅನಸೂದಿಲ್ಲ. ಮಂದಿ ಬಾಯಿಗೆ ಅಂಜತೇನಿ. ಆ ಗುಳಿಗಿ ಬಿಟ್ಟಬಿಡು. ತಂಗಿ ಹಡದ ಮ್ಯಾಲ ಮತ್ತ ಸುರು ಮಾಡು."

"ಬಿಡೂದಿಲ್ಲ ಅವ್ವ."

"ನಾಕ ದಿನ, ಅಷ್ಟ."

"ನಾಕ ದಿನ ಬಿಟ್ರ ಹೊಟ್ಟ್ಯಾಗಿನ ಹುಳ ಗೆಲ್ಲತೈತಿ. ಅವರ ಮಾತಿಗೆ ನಾ ಗುಳಿಗಿ ಬಿಟ್ನೆಂದ್ರ ಅವರೂ ಗೆದ್ದಂಗ. ಇಬ್ಬರ್ನೂ ಗೆಲ್ಲಸೂದಿಲ್ಲ."

ಅಂದಿನಿಂದ ಒಂದು ಹಟ ಹಿಡಿದೆ. ದಿನಕ್ಕೆ ನಾಲ್ಕು ಸಲ ಗುಳಿಗೆ. ಅತ್ತೆಯ ಕಡೆಯವರು ಯಾರಾದರೂ ಬಂದಿದ್ದರೆ ಅವರ ಎದುರಿಗೇ ಹಾಳೆ ಒಡೆದು, ನೀರು ಕುಡಿದು ನುಂಗುತ್ತಿದ್ದೆ. ಮಾತಾಡುವಾಗ ಸೆರಗು ಅಡ್ಡ ಹಿಡಿಯುವುದನ್ನು ಬಿಟ್ಟೆ. ಹೊನವಾಡದ ಬಸ್ಸಿನಲ್ಲಿ ಸುದ್ದಿ ನನಗಿಂತ ಮೊದಲೇ ಹತ್ತಿ ಕೂತಿತ್ತು. ದಿನಾ ನನ್ನ ಪಕ್ಕ ಕೂರುತ್ತಿದ್ದ ಹೆಂಗಸು ಎದ್ದು ಹಿಂದೆ ಹೋದಳು. ಒಳ್ಳೆಯದಾಯಿತು, ಕಿಟಕಿಯ ಪಕ್ಕ ಕಾಲು ಚಾಚಿ ಕೂತೆ. ಒಬ್ಬ ಗಿರಾಕಿ ಫೋನು ವಾಪಸ್ಸು ಕೇಳಿದ, ಕೊಟ್ಟೆ. ಅದು ಸರಿಯಾಗಿ ಚಾರ್ಜ್ ಆಗುತ್ತಿತ್ತು, ಅಷ್ಟು ಹೊತ್ತಿಗೆ ರಿಪೇರಿ ಮುಗಿದಿತ್ತು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಾಸುಗಟ್ಟಲೆ ಕೂರುವಾಗ ಫೋನಿನಲ್ಲಿ ಬಿಸ್ಮತ್ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಯಾವುದರಿಂದಾಗಿ ನನ್ನನ್ನು ಹೊರಗೆ ಹೋಗು ಎಂದರೋ ಅದರ ಪೂರ್ವಾಪರ ನನಗೆ ಗೊತ್ತಿರಬೇಕು ಅನಿಸಿತ್ತು. ಭೂಮಿಯೊಳಗೆ ಕೆಲವು ಕಡೆ ಅದು ತನ್ನ ನಿಜರೂಪದಲ್ಲೇ ಸಿಗುತ್ತದಂತೆ. ಹೆಚ್ಚಿನದು ಮಾತ್ರ ಸೀಸ, ತಾಮ್ರ ಶುದ್ಧಮಾಡುವಾಗ ಪಕ್ಕದಲ್ಲಿ ಉಳಿಯುವ ಪದಾರ್ಥದಿಂದ ಬರುತ್ತದೆ. ಧಾತುಗಳ ಪಟ್ಟಿಯಲ್ಲಿ ಸೀಸದ ಮಗ್ಗುಲ ಮನೆಯಲ್ಲೇ ಅದರ ವಾಸ. ತೂಕವೂ ಹೆಚ್ಚುಕಡಿಮೆ ಸೀಸದಷ್ಟೇ. ಆದರೆ ಸೀಸದ ವಿಷ ಅದಕ್ಕಿಲ್ಲ. ಅದಕ್ಕೇ ಈಗ ಕುಡಿಯುವ ನೀರಿನ ನಲ್ಲಿಯ ಹಿತ್ತಾಳೆಯಲ್ಲಿ, ಮೀನು ಹಿಡಿಯುವ ಗಾಳದ ಗುಂಡಿನಲ್ಲಿ, ಬೆಸುಗೆಯಲ್ಲಿ ಸೀಸವನ್ನು ತೆಗೆದು ಇದನ್ನು ಹಾಕುತ್ತಿದ್ದಾರೆ. ಬೇರೆ ಲೋಹಗಳ ಜೊತೆ ಕೂಡಿಸಿದರೆ ಬಿಸಿನೀರಿಗೇ ಕರಗುವಷ್ಟು ಮೆತ್ತಗಾಗುತ್ತದೆ. ದೊಡ್ಡ ಕಟ್ಟಡಗಳ ಮಾಳಿಗೆಗೆ ಬೆಂಕಿ ಆರಿಸುವ ನೀರಿನ ಕೊಳವೆ ಇರುತ್ತದಲ್ಲ, ಅಂಥ ಕೆಲವುಗಳ ಬಾಯಿ ಮುಚ್ಚಿರುವುದು ಇದರ ಬಿರಡೆ. ಬೆಂಕಿ ಹತ್ತಿದರೆ ಮೊದಲು ಅದು ಕರಗುತ್ತದೆ, ನೀರು ಬೀಳುತ್ತದೆ. ಹೊಟ್ಟೆಯ ಔಷಧವಾಗಿ ಇದು ತಲೆಮಾರುಗಳಿಂದ ಬಳಕೆಯಲ್ಲಿದೆ. ಹುಣ್ಣಿನ ಮೇಲೆ ಹೊದಿಕೆಯಂತೆ ಕೂತು ಆಮ್ಲ ತಾಗಗೊಡುವುದಿಲ್ಲ, ಬ್ಯಾಕ್ಟೀರಿಯಾವನ್ನೂ ಕೊಲ್ಲಲು ನೆರವಾಗುತ್ತದೆ. ಬಾಯಿಯಲ್ಲಿರುವ ಚೂರು ಗಂಧಕದ ಜೊತೆ ಕೂಡಿದಾಗ ಕಪ್ಪಾಗುತ್ತದೆ. ನನ್ನ ಕರಿನಾಲಿಗೆಯ ಗುಟ್ಟು ಅಷ್ಟೇ.

ಇದನ್ನೆಲ್ಲ ವಾರ್ಡಿನ ಉಳಿದ ಬಸುರಿಯರ ಕಡೆಯವರಿಗೆ ಹೇಳಿದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಹದಿನಾಲ್ಕನೆಯ ದಿನ ಕೊನೆಯ ಗುಳಿಗೆ ನುಂಗಿದೆ. ಹೊಟ್ಟೆಯ ಉರಿ ಇಳಿದಿತ್ತು, ನಾಲಿಗೆಯ ಕಪ್ಪೂ ದಿನ ಕಳೆದಂತೆ ತೊಳೆದುಹೋಯಿತು. ಅದಾದ ಒಂದು ವಾರಕ್ಕೆ, ಎಂಟು ತಿಂಗಳು ತುಂಬುವ ಮೊದಲೇ, ತಂಗಿಗೆ ಆಪರೇಷನ್ ಮಾಡಿ ಕೂಸನ್ನು ಹೊರಗೆ ತೆಗೆದರು. ಹೆಣ್ಣು. ನನ್ನ ಅಂಗೈ ಮತ್ತು ಮುಂಗೈ ಸೇರಿದರೆ ಎಷ್ಟಾಗುತ್ತದೋ ಅಷ್ಟುದ್ದ. ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಇಟ್ಟರು. ತಂಗಿ ಹಾಲು ಹಿಂಡಿ ಕೊಡುತ್ತಿದ್ದಳು, ನರ್ಸು ಸಣ್ಣ ಕೊಳವೆಯಿಂದ ಕುಡಿಸುತ್ತಿದ್ದಳು. ಹತ್ತೊಂಬತ್ತನೆಯ ದಿನ ಹೊನವಾಡಕ್ಕೆ ಕರೆದುಕೊಂಡು ಬಂದೆವು.

ಬಾಣಂತನದ ಆ ದಿನಗಳಲ್ಲೇ ನಾನು ಬಿಸ್ಮತ್ತಿನ ಒಂದು ಗಟ್ಟಿ ತರಿಸಿದೆ. ಔಷಧದ್ದಲ್ಲ, ಬರೀ ಲೋಹ. ಹಿತ್ತಲಲ್ಲಿ ಒಲೆ ಹೂಡಿ, ಇನ್ನು ಅಡುಗೆಗೆ ಬಳಸದ ಹಳೆಯ ಸ್ಟೀಲಿನ ಬಟ್ಟಲಲ್ಲಿ ಕರಗಿಸಿದೆ. ಮೇಲೆ ಕೆನೆಗಟ್ಟಿದ ಮೇಲೆ ಒಳಗಿನ ದ್ರವವನ್ನು ಇಕ್ಕಳದಿಂದ ಬಗ್ಗಿಸಿ ಸುರಿದುಬಿಟ್ಟೆ. ಬಟ್ಟಲಿನ ಬದಿಗೆ ಅಂಟಿಕೊಂಡು ಉಳಿದದ್ದು ಹರಳುಗಳು. ಒಂದರ ಒಳಗೊಂದು ಚೌಕ, ಬಾವಿಯ ಮೆಟ್ಟಿಲುಗಳ ಹಾಗೆ ಕೆಳಗೆ ಇಳಿದುಹೋದ ಚೌಕಗಳು. ಆರುತ್ತಾ ಬಂದ ಹಾಗೆ ಹಳದಿ, ಗುಲಾಬಿ, ನವಿಲಿನ ಕತ್ತಿನ ನೀಲಿ ಎಲ್ಲ ಬಣ್ಣ ಏರಿದವು. ಅವ್ವ ಕೂಸನ್ನು ಎತ್ತಿಕೊಂಡು ಬಂದು ಬಗ್ಗಿ ನೋಡಿದಳು.

"ಇದ್ನೇನ ನೀ ಹದಿನಾಕ ದಿನ ತಿಂದಿದ್ದು?"

"ಇದರ ಕುಲದ್ದ, ಅವ್ವ."

"ಇಷ್ಟ ಚಂದ ಐತಿ. ಬಾಯಾಗ ಹೋಗಿ ಕರಿ ಯಾಕ ಆತು?" ಎಂದಳು. ನಂತರ ಆ ಹರಳನ್ನು ಜಗಲಿಯ ಮೇಲೆ ದೇವರ ಪಕ್ಕ ಇಡಲು ಹೋದಳು. ನಾನು ಇಸಿದುಕೊಂಡೆ. ಅಪಶಕುನ ಅಂದವರ ಜೊತೆ ಜಗಳಾಡಿ, ಈಗ ಅದನ್ನೇ ಪೂಜೆಗೆ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯ ಮೇಜಿನ ಮೇಲೆ ಇಟ್ಟೆ.

ಒಂದು ಮಧ್ಯಾಹ್ನ ಅತ್ತೆ ಆ ಅಂಗಡಿಗೇ ಬಂದರು. ಕೈಯಲ್ಲಿ ಅವರ ಫೋನಿತ್ತು, ಪರದೆ ಕತ್ತಲಾಗಿತ್ತು. ಗಿರಾಕಿಯ ಸ್ಟೂಲಿನ ಮೇಲೆ ಕೂತು ಮುಂದಿಟ್ಟರು. ನಾನು ಬಿಚ್ಚಿದೆ. ಬೋರ್ಡಿನ ಮೇಲೆ ಒಂದು ಸಣ್ಣ ಜೋಡಣೆ ಬಿಟ್ಟಿತ್ತು. ಪೇಸ್ಟ್ ಹಚ್ಚಿ, ಬಿಸಿಗಾಳಿ ಬಿಟ್ಟೆ. ಬೂದು ಪೇಸ್ಟು ಕ್ಷಣದಲ್ಲಿ ಬೆಳ್ಳಿಯ ಹನಿಯಾಗಿ ಹೊಳೆದು ಕೂತಿತು. ಅವರು ಬಗ್ಗಿ ನೋಡುತ್ತಿದ್ದರು.

"ಅದೇನದು?"

"ಅದ ಲೋಹ ಐತ್ರಿ. ನನ್ನ ನಾಲಿಗೀದು."

ಅವರು ನೆಟ್ಟಗೆ ಕೂತರು. "ಬರೂ ಸೋಮವಾರ ನಿಮ್ಮ ಮನ್ಯಾಗ ತೊಟ್ಟಲಕ್ಕ ಹಾಕೂದು ಇಟ್ಟೀರಿ. ನಾವೆಲ್ಲಾ ಬರಾಕತ್ತೇವಿ. ಅವತ್ತಿಂದು ಮನಸ್ಸಿನ್ಯಾಗ ಇಟ್ಕೋಬ್ಯಾಡ. ನನಗ ತಿಳೀಲಿಲ್ಲ" ಎಂದರು.

ಅಷ್ಟಕ್ಕೆ ನಾನು ಕರಗಬೇಕಿತ್ತೇನೋ. ಹಿರಿಯರು, ಬಿಸಿಲಲ್ಲಿ ಬಂದಿದ್ದರು. ಕರಗಲಿಲ್ಲ.

"ಅತ್ತೀ, ಅವತ್ತ ನೀವು ಇಪ್ಪತ್ತ ಮಂದಿ ಮುಂದ ಅಂದ್ರಿ. ಇವತ್ತ ನನ್ನ ಒಬ್ಬಾಕಿ ಮುಂದ ಹೇಳಿದ್ರ ಮುಗೀತೇನ್ರಿ? ಬಸ್ಸಿನ್ಯಾಗ ನನ್ನ ಬಾಜೂಕ ಯಾರೂ ಕೂಡವಲ್ರು. ಹೇಳೂದಿದ್ರ ಅವರ ಮುಂದ ಹೇಳ್ರಿ."

ಅವರು ಫೋನು ತೆಗೆದುಕೊಂಡು, ಪರದೆ ಬೆಳಗಿದ್ದನ್ನು ನೋಡಿ ಎದ್ದು ಹೋದರು. ಅವ್ವನಿಗೆ ತಿಳಿದಾಗ ತಲೆ ಚಚ್ಚಿಕೊಂಡಳು. ತಂಗಿ ಮಾತ್ರ, "ಚಲೋ ಮಾಡಿದಿ" ಎಂದಳು.

ಸೋಮವಾರ ಅವರ ಕಡೆಯಿಂದ ಒಂದು ಗಾಡಿ ತುಂಬ ಹೆಂಗಸರು ಬಂದರು. ಕುಬಸದ ದಿನ ಇದ್ದವರೇ ಬಹಳ ಮಂದಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅವಿತುಕೊಳ್ಳುವ ಉದ್ದೇಶವಿರಲಿಲ್ಲ, ಮುಂದೆ ಬರುವ ಆತುರವೂ ಇರಲಿಲ್ಲ. ತೊಟ್ಟಿಲಿಗೆ ಹಾಕುವ ಮೊದಲು ಅತ್ತೆ ಕೂಸನ್ನು ಎತ್ತಿಕೊಂಡು ಸೀದಾ ನನ್ನ ಹತ್ತಿರ ನಡೆದು ಬಂದು, ನನ್ನ ಕೈಯಲ್ಲಿ ಇಟ್ಟರು. ನಂತರ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಅವತ್ತ ನಾ ಇಕೀಗೆ ಅನಬಾರದ್ದ ಅಂದೇನಿ. ತಪ್ಪಾಗೇತಿ. ಇಕಿ ಅಂದಿದ್ದಕ್ಕ ಈ ಕೂಸು ಉಳೀತು."

ಅವರಿಗೆ ಅದೆಷ್ಟು ಕಷ್ಟವಾಗಿರಬೇಕೆಂದು ನನಗೆ ಅರ್ಥವಾಯಿತು. ಆದರೆ ಅದರ ಹಿಂದೆಯೇ ಒಬ್ಬ ಮುದುಕಿ ಮುಂದೆ ಬಂದು, "ಹೌದವಾ, ನಿನ್ನ ನಾಲಿಗಿ ಮ್ಯಾಲ ಶಕ್ತಿ ಐತಿ. ನನ್ನ ಸೊಸೀಗೂ ಒಂದ ಚಲೋ ಮಾತ ಅಂದಬಿಡು, ನಾಕ ತಿಂಗಳ ಆಗ್ಯಾವ" ಎಂದು ನನ್ನ ಗದ್ದ ಹಿಡಿದಳು. ಇನ್ನಿಬ್ಬರು ಹತ್ತಿರ ಸರಿದರು. ಹೊರಗಟ್ಟಲು ನೋಡಿದ್ದ ನಾಲಿಗೆಯನ್ನು ಈಗ ತಲೆಯ ಮೇಲೆ ಇಟ್ಟುಕೊಳ್ಳಲು ತಯಾರಾಗಿದ್ದರು.

"ಅಂದಿದ್ದಕ್ಕ ಅಲ್ಲಬೇ ಆಯಿ" ಎಂದೆ, ಅತ್ತೆಗೂ ಕೇಳುವ ಹಾಗೆ. "ಮಾರಿ ಬಾತಿದ್ದು ನೋಡಿದ್ದಕ್ಕ, ಗಾಡಿ ತಗದಿದ್ದಕ್ಕ, ಅಕಿ ಎದ್ದು ಬಂದಿದ್ದಕ್ಕ ಉಳೀತು. ನಿನ್ನ ಸೊಸೀನ್ನ ತಿಂಗಳಾ ದವಾಖಾನಿಗೆ ಕರಕೊಂಡ ಹೋಗಿ ಬಿ.ಪಿ. ನೋಡಸು. ನನ್ನ ಮಾತಿಂದ ಏನೂ ಆಗೂದಿಲ್ಲ."

ಮುದುಕಿಗೆ ಸಮಾಧಾನವಾಗಲಿಲ್ಲ, ಮುಖ ಸಪ್ಪಗೆ ಮಾಡಿಕೊಂಡಳು. ಆದರೆ ಆ ಸೊಸೆ ಬಾಗಿಲ ಹತ್ತಿರವೇ ನಿಂತಿದ್ದಳು, ಇಪ್ಪತ್ತೊಂದರ ಹುಡುಗಿ. ಊಟ ಬಡಿಸುವಾಗ ನನ್ನ ಪಕ್ಕ ಬಂದು, ಯಾವ ದವಾಖಾನೆ, ಯಾವ ದಿನ ಹೋಗಬೇಕು, ಚೀಟಿಯಲ್ಲಿ ಬರೆದುಕೊಡ್ರಿ ಅಕ್ಕಾರ ಎಂದು ಕೇಳಿದಳು. ಕೂಸನ್ನು ತಂಗಿಯ ಕೈಗೆ ಕೊಟ್ಟು, ಪೆನ್ನು ಹುಡುಕಲು ಒಳಗೆ ಹೋದೆ.